ಸೂಜಿಚಿಟ್ಟೆ ಮತ್ತು ಸೋಗಲಾಡಿ

ಮಂಗಳವಾರ, ಬೆಳಿಗ್ಗೆ
ವಸ್ತುಸಂಗ್ರಹಾಲಯದ ನನ್ನ ಕೋಣೆಯಿಂದ

ಪ್ರೀತಿಯ ಅಕ್ಕಾ,

ಇದನ್ನು ನಿಂತುಕೊಂಡು ಓದಬೇಡ. ಪತ್ರ ಬಂದರೆ ಬಾಗಿಲಲ್ಲೇ ಒಡೆದು, ಚಪ್ಪಲಿ ಬಿಡುವಷ್ಟರಲ್ಲಿ ಅರ್ಧ ಮುಗಿಸುವ ಅಭ್ಯಾಸ ನಿನ್ನದು. ಇದೊಂದನ್ನು ಕೂತು ಓದು. ಭಾವ ಪಕ್ಕದಲ್ಲಿದ್ದರೆ ಇರಲಿ, ಅವರಿಂದ ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ. ಮುಚ್ಚಿಟ್ಟಿದ್ದೆಲ್ಲ ನಿನ್ನಿಂದಲೇ.

ಒಂದೇ ಊರಿನಲ್ಲಿದ್ದುಕೊಂಡು, ನಾಲ್ಕು ಬಸ್ ನಿಲ್ದಾಣ ಆಚೆ ಕೂತುಕೊಂಡು ಪತ್ರ ಬರೆಯುವುದೇನು ಎಂದು ಕೇಳುತ್ತೀಯ. ಹೇಳಲೆಂದೇ ಭಾನುವಾರ ಬಂದಿದ್ದೆ. ಅಡುಗೆಮನೆಯ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ಕೈಗೆ ಟೀ ಕೊಟ್ಟು, ನೀನೇ ಮೊದಲು ಮಾತಾಡಿಬಿಟ್ಟೆ. "ಯಾಕೇ ಹೀಗೆ ಸೊರಗ್ತಾ ಇದ್ದೀಯ? ನೀನು ನಿಜ ಹೇಳಿದೆ ಕಣೇ. ನಿಜ ಹೇಳಿದವಳ ಮೇಲೆ ನಾನು ಕೋಪ ಮಾಡ್ಕೊಳ್ತೀನಾ?" ಅಂದೆ. ನನ್ನ ಬಾಯಿಗೆ ಬಂದಿದ್ದ ಮಾತು ಟೀ ಜೊತೆಗೇ ಒಳಗೆ ಹೋಯಿತು. ಬಸ್ ನಿಲ್ದಾಣದವರೆಗೆ ಬಿಡಲು ಬಂದ ಭಾವ ದಾರಿಯಲ್ಲಿ ಹೇಳಿದರು, ನೀನು ಈಗಲೂ ಮಧ್ಯಾಹ್ನವಾದರೆ ನಿನ್ನ ಪ್ರಾಣಿಮರಿಗಳಿಗೆ ಹಾಲು ಬಿಸಿ ಮಾಡಲು ಎದ್ದು ಹೋಗುತ್ತೀಯಂತೆ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಏನೂ ಇಲ್ಲದ್ದು ನೆನಪಾಗಿ, ಕೈ ಒರೆಸಿಕೊಂಡು ಬಂದು ಕೂರುತ್ತೀಯಂತೆ. "ನಿಮ್ಮಕ್ಕ ಅಳಲ್ಲಮ್ಮ, ಅದೇ ನನಗೆ ಭಯ" ಅಂದರು. ಬಸ್ಸಿನಲ್ಲಿ ಕೂತಾಗ ತೀರ್ಮಾನ ಮಾಡಿದೆ. ನಿನ್ನ ಮುಖ ನೋಡಿದರೆ ನನ್ನ ಬಾಯಿ ಕಟ್ಟುತ್ತದೆ. ಕಾಗದಕ್ಕೆ ಮುಖವಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ. ನೀನು ನಂಬಿರುವ ಕಥೆಯೊಳಗೆ ಒಂದು ಸುಳ್ಳು ಕೂತಿದೆ. ಅದು ಎಲ್ಲಿ ಕೂತಿದೆ ಎಂದು ಬೆರಳಿಟ್ಟು ತೋರಿಸಬೇಕಾದರೆ ಪೂರ್ತಿ ಕಥೆಯನ್ನೇ ಬಿಚ್ಚಬೇಕು.

ಪುರಸಭೆಯವರು ತೊರೆಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಸಿ ಬಸ್ಸುಗಳನ್ನು ನಿಲ್ಲಿಸುವ ಜಾಗ ಮಾಡುತ್ತಾರೆ ಎಂಬ ಸುದ್ದಿ ಬಂದಾಗ ಮೊದಲು ಎದ್ದು ನಿಂತವಳು ನೀನು. ತೊರೆಯ ದಡದ ಹಳೆಯ ಪಂಪ್‌ಹೌಸಿನಲ್ಲಿ ನಿನ್ನ ಪ್ರಾಣಿಗಳಿದ್ದವು. ಬೆಳಿಗ್ಗೆ ಪಶು ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಮಧ್ಯಾಹ್ನದಿಂದ ಅಲ್ಲಿ. ಕಾರಿಗೆ ಸಿಕ್ಕಿದ್ದು, ನಾಯಿ ಕಚ್ಚಿದ್ದು, ತಾಯಿ ಸತ್ತ ಮರಿಗಳು, ರೆಕ್ಕೆ ಮುರಿದ ಗೂಬೆ, ಚಿಪ್ಪು ಒಡೆದ ಆಮೆ. ಚಪ್ಪಡಿ ಬಿದ್ದಿದ್ದರೆ ಪಂಪ್‌ಹೌಸಿಗೆ ಏನೂ ಆಗುತ್ತಿರಲಿಲ್ಲ. ಇಂಜಿನಿಯರು ನಿನ್ನ ಕಟ್ಟಡ ಮುಟ್ಟುವುದಿಲ್ಲ ಎಂದು ನಕ್ಷೆ ತೋರಿಸಿದ್ದರು. ಆದರೂ ನೀನು ತೊರೆಗಾಗಿ ಮನೆಮನೆಗೆ ಹೋದೆ. "ನೀರಿನ ಬಾಯಿಗೆ ಕಲ್ಲು ಹಾಕೋದನ್ನ ನೋಡ್ಕೊಂಡು ಹೇಗಿರೋದು" ಅಂದೆ.

ಆಗಲೇ ನೀನು ಜಾಮ್ ಬಾಟಲಿ ಹಿಡಿದುಕೊಂಡು ಈ ಕೋಣೆಗೆ ಬಂದದ್ದು. ಮುಚ್ಚಳಕ್ಕೆ ತೂತು ಹೊಡೆದಿದ್ದೆ. ಒಳಗೆ ಒಂದು ಹುಲ್ಲಿನ ಎಸಳು, ಎಸಳಿನ ಮೇಲೆ ನೀಲಿ ಸೂಜಿಯಂಥ ಹುಳು. ಚಿಕ್ಕವರಿದ್ದಾಗ ನಾವಿಬ್ಬರೂ ಸೂಜಿಚಿಟ್ಟೆ ಅನ್ನುತ್ತಿದ್ದೆವಲ್ಲ, ಅದೇ, ಪುಸ್ತಕದಲ್ಲಿ ಡ್ಯಾಮ್ಸೆಲ್‌ಫ್ಲೈ. "ಪಂಪ್‌ಹೌಸ್ ಕಿಟಕಿಗೆ ಬಂದು ಕೂತಿತ್ತು. ನೋಡೇ ಕಡ್ಡಿ, ಇದು ಏನಾದ್ರೂ ಅಪರೂಪದ್ದಾ? ಅಪರೂಪದ್ದಾದ್ರೆ ತೊರೆ ಉಳಿಯುತ್ತಂತೆ" ಅಂದೆ. ನನ್ನನ್ನು ಕಡ್ಡಿ ಎಂದು ಕರೆಯುವವಳು ಈಗ ನೀನೊಬ್ಬಳೇ. ಕಡ್ಡಿ ಮುರಿದ ಹಾಗೆ ಮಾತಾಡುವವಳು ನೀನು, ಹೆಸರು ಮಾತ್ರ ನನಗೆ.

ನಾನು ಭೂತಗನ್ನಡಿ ಹಿಡಿದು ನೋಡಿದೆ. ನಮ್ಮ ಕಡೆ ಈ ನೀಲಿಯಲ್ಲಿ ಎರಡು ಪ್ರಭೇದ. ಒಂದು ಯಾವ ಹೊಂಡದಲ್ಲಾದರೂ ಸಿಗುವ ಸಾಮಾನ್ಯದ್ದು. ಇನ್ನೊಂದು ಅಳಿವಿನಂಚಿನಲ್ಲಿರುವುದು, ನಾನು ಕೆಲಸಕ್ಕೆ ಸೇರಿದ ಮೇಲೆ ಯಾರೂ ನೋಡಿಯೇ ಇಲ್ಲ. ಬಣ್ಣ, ಗಾತ್ರ, ಕಣ್ಣು ಎಲ್ಲ ಒಂದೇ. ಗಂಡಿನ ಬಾಲದ ತುದಿಯಲ್ಲಿ, ಹೆಣ್ಣಿನ ಕತ್ತು ಹಿಡಿಯುವುದಕ್ಕೆ ಇಕ್ಕಳದಂಥ ಪುಟ್ಟ ಕೊಂಡಿಗಳಿರುತ್ತವೆ. ಸಾಮಾನ್ಯದ್ದರಲ್ಲಿ ಅದರ ತುದಿ ಮೊಂಡು, ಅಪರೂಪದ್ದರಲ್ಲಿ ಸೀಳು. ನನಗೆ ಸೀಳು ಕಂಡಿತು. ನಾನು ಅಂದದ್ದು ಇಷ್ಟೇ, "ಅಕ್ಕಾ, ಅದೇ ಇರಬಹುದು." ನೀನು "ಇರಬಹುದು" ಎಂಬುದನ್ನು ಬಾಗಿಲ ಹತ್ತಿರವೇ ಉದುರಿಸಿ, "ಅದೇ" ಎಂಬುದನ್ನು ಮಾತ್ರ ಎತ್ತಿಕೊಂಡು ಓಡಿದೆ. ನಾನೂ ತಡೆಯಲಿಲ್ಲ.

ಆ ವಾರವೇ ಪತ್ರಿಕೆಯಲ್ಲಿ ಬಂತು. ನಿರ್ದೇಶಕರು ನನ್ನ ಕೋಣೆಗೆ ಬಂದರು. ನಿನಗೆ ಇದು ಗೊತ್ತಿಲ್ಲ: ಅದಕ್ಕಿಂತ ಮೊದಲಿನ ತಿಂಗಳು ಅದೇ ನಿರ್ದೇಶಕರು ಕೀಟ ವಿಭಾಗವನ್ನು ಮುಚ್ಚಿ, ಪೆಟ್ಟಿಗೆಗಳನ್ನೆಲ್ಲ ನೆಲಮಾಳಿಗೆಗೆ ಹಾಕಿ, ನನ್ನನ್ನು ಟಿಕೆಟ್ ಕೌಂಟರಿನ ಪಕ್ಕದ ಮಾಹಿತಿ ಮೇಜಿಗೆ ಕಳಿಸುವ ಮಾತಾಡಿದ್ದರು. ನುಸಿಗುಳಿಗೆಯ ವಾಸನೆಯ ಈ ಕೋಣೆ, ಈ ಮರದ ಡ್ರಾಯರುಗಳು, ಗಾಜಿನ ಕೆಳಗೆ ಪಿನ್ನು ಚುಚ್ಚಿ ಕೂತಿರುವ ನನ್ನ ಇಡೀ ಆಯುಸ್ಸು, ಎಲ್ಲ ನೆಲಮಾಳಿಗೆಗೆ. ಆ ದಿನ ಮಾತ್ರ ಅವರು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡು, "ನಿಮ್ಮಂಥವರು ಇರೋದರಿಂದ ನಮ್ಮ ಸಂಗ್ರಹಾಲಯಕ್ಕೆ ಒಂದು ಹೆಸರು" ಅಂದರು. ಮುಚ್ಚುವ ಮಾತು ಮತ್ತೆ ಎತ್ತಲಿಲ್ಲ. ಸಂಜೆ ಹೋಗುವಾಗ ಕಾವಲುಗಾರ ಎದ್ದು ನಿಂತ. ನಗಬೇಡ, ನನಗೆ ಅದು ಹಿತವಾಗಿತ್ತು.

ಆಮೇಲೆ ನಿಯಮ ಹೊರಬಂತು. ಅಳಿವಿನಂಚಿನ ಜೀವಿ ಇರುವ ತೊರೆಯ ಎರಡೂ ದಡದಲ್ಲಿ ಒಂದು ಪಟ್ಟಿಯಷ್ಟು ಜಾಗ ಬಿಡಬೇಕು. ಅಲ್ಲಿ ಕಟ್ಟಡ ಇರಕೂಡದು, ಪ್ರಾಣಿ ಸಾಕಕೂಡದು, ತೊಳೆದ ನೀರು ಹರಿಸಕೂಡದು. ಚಪ್ಪಡಿ ರದ್ದಾಗುತ್ತದೆ, ಸರಿ. ಆದರೆ ಪಂಪ್‌ಹೌಸ್ ಆ ಪಟ್ಟಿಯ ನಡುಮಧ್ಯದಲ್ಲಿ ಕೂತಿತ್ತು. ಇಂಜಿನಿಯರು ನಕ್ಷೆಯ ಮೇಲೆ ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆದಾಗ ನಿನ್ನ ಮುಖ ನೋಡಿದೆ. ಅದೊಂದು ಗಳಿಗೆ ಬಿಳಿಚಿತು. ಆಮೇಲೆ ನೀನು, "ಯೋಚನೆ ಮಾಡೋಣ" ಅಂದೆ.

ಸಾರ್ವಜನಿಕ ಸಭೆಗೆ ಮೊದಲು ಪುರಸಭೆಯ ಅಧ್ಯಕ್ಷೆ ನನಗೆ ಹೇಳಿಕಳಿಸಿದರು. ಸದಸ್ಯರಿಗೆ ಕೀಟ ಯಾವುದು, ನಿನ್ನ ಪ್ರಾಣಿಗಳು ಯಾವುವು ಒಂದೂ ತಿಳಿಯುತ್ತಿಲ್ಲ. ಪಂಪ್‌ಹೌಸಿನಲ್ಲಿ ಅತಿ ಹೆಚ್ಚು ಇರುವ ಪ್ರಾಣಿಯನ್ನೂ ಈ ಕೀಟವನ್ನೂ ಅಕ್ಕಪಕ್ಕ ಇಟ್ಟು, ವರ್ಗೀಕರಣ, ಸಂರಕ್ಷಣಾ ಸ್ಥಿತಿ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಡಿ ಎಂದರು. ನಿನ್ನಲ್ಲಿ ಹೆಚ್ಚಿಗೆ ಇದ್ದದ್ದು ಒಪೊಸಮ್. ಅವುಗಳ ರಾಣಿ ಸೋಗಲಾಡಿ.

ಆ ಹಾಳೆಯನ್ನು ನಿನ್ನ ಪಂಪ್‌ಹೌಸಿನಲ್ಲೇ ಕೂತು ಬರೆದೆ, ನೆನಪಿದೆಯಾ? ನಿನ್ನ ಹೆಗಲ ಮೇಲೆ ಸೋಗಲಾಡಿ, ನಿನ್ನ ಜಡೆಗೆ ಬಾಲ ಸುತ್ತಿಕೊಂಡು. ಒಂದು ಹಿಂಗಾಲು ಕಾರಿಗೆ ಹೋಗಿತ್ತು, ಇನ್ನೊಂದರಲ್ಲಿ ನಿನ್ನ ಸ್ವೆಟರನ್ನು ಮನುಷ್ಯರಂತೆ ಹೆಬ್ಬೆರಳಿಟ್ಟು ಹಿಡಿದಿದ್ದಳು. ಎರಡೂ ಪ್ರಾಣಿಸಾಮ್ರಾಜ್ಯಕ್ಕೆ ಸೇರಿದವು ಎಂದು ಮೊದಲ ಸಾಲು ಬರೆದೆ. "ಅಷ್ಟಾದ್ರೂ ಒಂದೇ ಮನೆಯವರಲ್ವಾ" ಅಂದೆ ನೀನು. ಅಲ್ಲಿಂದ ದಾರಿ ಬೇರೆ. ಸೂಜಿಚಿಟ್ಟೆ ಸಂಧಿಪದಿ, ಎಲುಬಿಲ್ಲ, ಮೈಯ ಹೊರಗೇ ಗಟ್ಟಿ ಕವಚ. ಒಪೊಸಮ್ ಕಶೇರುಕ, ಬೆನ್ನುಮೂಳೆಯ ಸಂಸಾರ. ಅದು ಕೀಟ ವರ್ಗ, ಇದು ಸಸ್ತನಿ ವರ್ಗ. ಅದು ಹೆಸರಿಗೆ ಚಿಟ್ಟೆಯಾದರೂ ಚಿಟ್ಟೆಯಲ್ಲ, ಏರೋಪ್ಲೇನ್ ಚಿಟ್ಟೆ ಅನ್ನುತ್ತೇವಲ್ಲ, ಅದರ ತಂಗಿ; ಅಕ್ಕ ಕೂತಾಗಲೂ ರೆಕ್ಕೆ ಚಾಚಿಕೊಂಡೇ ಇರುತ್ತಾಳೆ, ತಂಗಿ ಬೆನ್ನಿಗೆ ಮಡಚಿಕೊಳ್ಳುತ್ತಾಳೆ. ಇದು ನೋಡಲು ಇಲಿಯಂತಿದ್ದರೂ ಇಲಿಗೆ ನೆಂಟಳಲ್ಲ; ಹೊಟ್ಟೆಚೀಲದ ಪ್ರಾಣಿ, ಕಾಂಗರೂವಿಗೆ ದೂರದ ಬಳಗ. ಅದರ ಮರಿಗಳು ಮೊಟ್ಟೆಯೊಡೆದು ನೀರಿನಲ್ಲಿ ಒಂಟಿಯಾಗಿ ಬೇಟೆಯಾಡಿ ಬೆಳೆಯುತ್ತವೆ, ತಾಯಿಯ ಮುಖವನ್ನೇ ನೋಡುವುದಿಲ್ಲ. ಇದರ ಮರಿಗಳು ಜೇನುಹುಳದಷ್ಟಿದ್ದಾಗಲೇ ಹುಟ್ಟಿ, ಕುರುಡಾಗಿ ತೆವಳಿ ಚೀಲ ಸೇರಿ, ಆಮೇಲೆ ತಾಯಿಯ ಬೆನ್ನೇರಿ ಊರು ಸುತ್ತುತ್ತವೆ. ನೀನು ಕಾಲಂಗಳನ್ನು ಓದಿ, "ನಿನ್ನದಕ್ಕೆ ಆರು ಕಾಲು, ನನ್ನದಕ್ಕೆ ಮೂರು. ಅಲ್ಲಿಗೇ ನಾವು ಸೋತ್ವಿ ಬಿಡು" ಎಂದು ಸೋಗಲಾಡಿಯ ಮೂಗು ಮುಟ್ಟಿದೆ.

ಕೊನೆಯ ಸಾಲು ಸಂರಕ್ಷಣಾ ಸ್ಥಿತಿ. ಸೂಜಿಚಿಟ್ಟೆಯ ಕೆಳಗೆ "ಅಳಿವಿನಂಚಿನಲ್ಲಿದೆ" ಎಂದು ಬರೆದೆ. ಒಪೊಸಮ್ ಕೆಳಗೆ "ಕನಿಷ್ಠ ಕಾಳಜಿ". ನೀನು ಅದನ್ನು ಎರಡು ಸಲ ಓದಿದೆ. "ಅಂದ್ರೆ ಯಾರಿಗೂ ಬೇಡದ್ದು ಅಂತಾನಾ?" ಅಂದೆ. ಅಲ್ಲಕ್ಕಾ, ಬೇಕಾದಷ್ಟಿವೆ, ಸುಖವಾಗಿವೆ ಅಂತ, ಅಂದೆ ನಾನು. "ಹಾಗಾದ್ರೆ ಒಳ್ಳೇ ಸುದ್ದಿ" ಎಂದು ನೀನು ನಕ್ಕೆ.

ಇಲ್ಲಿಯವರೆಗೆ ಎಲ್ಲ ಸರಿ. ಇನ್ನು ಮುಂದೆ ನೀನು ಅಂದುಕೊಂಡಂತೆ ಇಲ್ಲ.

ಪಂಪ್‌ಹೌಸ್ ಒಡೆದ ಮೇಲೆ, ದೂರದ ಊರಿನಲ್ಲಿರುವ ನನ್ನ ಪ್ರೊಫೆಸರರಿಗೆ ಫೋಟೋ ಕಳಿಸಿದ್ದೆ. ಅವರ ಉತ್ತರ ಬಂತು. ಇದು ಸಾಮಾನ್ಯ ಪ್ರಭೇದವೇ, ನಿನ್ನಂಥವಳು ಹೇಗೆ ಎಡವಿದೆ, ಎಂದು ಕೇಳಿದ್ದರು. ಹಾಗೆ ನನಗೆ ನನ್ನ ತಪ್ಪು ತಿಳಿಯಿತು.

ಮೇಲಿನ ಪ್ಯಾರಾವನ್ನು ಹೊಡೆದು ಹಾಕಬೇಕೆಂದು ಪೆನ್ನು ಎತ್ತಿದೆ. ಬೇಡ, ಹಾಗೇ ಇರಲಿ. ಅದರಲ್ಲಿ ಒಂದೊಂದು ಮಾತೂ ನಿಜ, ಕೊನೆಯ ಸಾಲೊಂದು ಬಿಟ್ಟು. ಸುಳ್ಳು ಹೇಳುವುದಕ್ಕೆ ನಾನು ಎಷ್ಟು ಒಳ್ಳೆಯ ಸಾಲುಗಳನ್ನು ಕಟ್ಟಬಲ್ಲೆ ಎಂಬುದು ನಿನಗೆ ತಿಳಿದಿರಲಿ. ನನ್ನ ತಪ್ಪು ನನಗೆ ತಿಳಿದದ್ದು ಸಭೆಯ ಹಿಂದಿನ ಸಂಜೆ, ಅಕ್ಕಾ.

ಹಾಳೆ ಟೈಪ್ ಮಾಡಿ ಮುಗಿಸಿದ್ದೆ. ಮರುದಿನ ಯಾರಾದರೂ ಕೇಳಿದರೆ ತೋರಿಸಲು ಒಂದು ದೊಡ್ಡ ಚಿತ್ರ ಬೇಕಲ್ಲ ಎಂದು, ಆಗಲೇ ಸತ್ತು ಒಣಗಿದ್ದ ಹುಳುವನ್ನು ಡಬ್ಬಿಯಿಂದ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಬಾಲದ ತುದಿಯಲ್ಲಿ ಒಂದಿಷ್ಟು ಕೊಳೆ ಕಂಡಿತು. ಚಿತ್ರ ಚೆನ್ನಾಗಿ ಬರಲಿ ಎಂದು ಸಣ್ಣ ಕುಂಚವನ್ನು ನೀರಿಗೆ ಅದ್ದಿ ಮೆಲ್ಲಗೆ ಒರೆಸಿದೆ. ಸೀಳು ಕುಂಚಕ್ಕೆ ಅಂಟಿಕೊಂಡು ಬಂತು. ಅದು ಒಣಗಿದ ಪಾಚಿಯ ಒಂದು ಎಳೆ, ಅಷ್ಟೇ. ಅದರ ಕೆಳಗೆ ಕೊಂಡಿ ಮೊಂಡಾಗಿ, ದುಂಡಗೆ, ಪುಸ್ತಕದಲ್ಲಿ ಬರೆದಂತೆ ಸಾಮಾನ್ಯವಾಗಿತ್ತು. ಕಡ್ಡಿಯನ್ನು ಗುಡ್ಡ ಮಾಡುವುದು ಅನ್ನುತ್ತಾರಲ್ಲ, ನಾನು ಪಾಚಿಯನ್ನು ಮಾಡಿದ್ದೆ.

ಆಗ ನಾನು ಏನು ಮಾಡಬೇಕಿತ್ತು ಎಂದು ನಿನಗೂ ಗೊತ್ತು, ನನಗೂ ಗೊತ್ತಿತ್ತು. ಫೋನ್ ಮೇಜಿನ ಮೇಲೇ ಇತ್ತು. ನಾನು ಹುಳುವನ್ನು ಡಬ್ಬಿಗೆ ಹಾಕಿ, ಕುಂಚ ತೊಳೆದು, ದೀಪ ಆರಿಸಿ ಮನೆಗೆ ಹೋದೆ. ದಾರಿಯುದ್ದಕ್ಕೂ ನನಗೆ ನಾನೇ ವಕೀಲಳಾಗಿದ್ದೆ. ಈಗ ಹಿಂದೆ ಸರಿದರೆ ಚಪ್ಪಡಿ ಬೀಳುತ್ತದೆ, ತೊರೆ ಸಾಯುತ್ತದೆ. ತೊರೆ ಉಳಿಯಬೇಕೆಂದು ಅಕ್ಕನೇ ತಾನೇ ಬೇಡಿದ್ದು. ಪಂಪ್‌ಹೌಸ್ ಇಟ್ಟಿಗೆ, ಬೇರೆ ಕಡೆ ಕಟ್ಟಬಹುದು. ತೊರೆಯನ್ನು ಬೇರೆ ಕಡೆ ಕಟ್ಟಲಾಗುವುದಿಲ್ಲ. ಎಷ್ಟು ಚೆನ್ನಾಗಿ ವಾದ ಮಾಡಿದೆನೆಂದರೆ ನನ್ನ ಕೋಣೆಯ ಮಾತು, ಮಾಹಿತಿ ಮೇಜಿನ ಮಾತು ಒಮ್ಮೆಯೂ ಬಾಯಿಗೆ ಬರಲಿಲ್ಲ. ಅದು ಬರದೇ ಇದ್ದದ್ದೇ ಅದು ಒಳಗಿತ್ತು ಎಂಬುದಕ್ಕೆ ಸಾಕ್ಷಿ.

ಮರುದಿನ ಸಭಾಂಗಣ ತುಂಬಿತ್ತು. ಬಂದವರಲ್ಲಿ ಅರ್ಧಕ್ಕರ್ಧ ನಿನ್ನವರು. ನಿನ್ನಿಂದ ಬೆಕ್ಕು ಉಳಿಸಿಕೊಂಡವರು, ಹಕ್ಕಿ ತಂದುಕೊಟ್ಟವರು. ಜನ ಸೇರುವ ಕಡೆಯೆಲ್ಲ ನಾನು ಯಾವಾಗಲೂ ನಿನ್ನ ತಂಗಿ. ಆ ದಿನ ಮಾತ್ರ ಅಷ್ಟೂ ಜನ ನನ್ನ ಬಾಯಿ ನೋಡುತ್ತಿದ್ದರು. ಅಧ್ಯಕ್ಷೆ ಹಾಳೆಯನ್ನು ಎತ್ತಿ ಹಿಡಿದು, "ಈ ಹೊಟ್ಟೆಚೀಲದ ಪ್ರಾಣಿಗೆ ಕನಿಷ್ಠ ಕಾಳಜಿ ಅಂತ ಇದೆ. ಅಂದ್ರೆ ಇದರ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಅಂತ ವಿಜ್ಞಾನವೇ ಹೇಳ್ತಿದೆ, ಅಲ್ವಾ?" ಅಂದರು. ನಿನಗೆ ಹೇಳಿದ ಅರ್ಥವನ್ನು ಅವರಿಗೂ ಹೇಳಬಹುದಿತ್ತು. ನಾನು "ಸಂರಕ್ಷಣಾ ಪಟ್ಟಿಯ ಪ್ರಕಾರ ಹೌದು" ಅಂದೆ. ಆಮೇಲೆ ಅವರು ಕೇಳಿದರು, ತೊರೆಯ ಕೀಟ ಅಪರೂಪದ್ದೇ ಎಂಬುದು ಖಚಿತವೇ ಎಂದು. ನಾನು ಖಚಿತ ಅಂದೆ.

ಆಗ ನೀನು ಎದ್ದೆ. ಯಾರೂ ನಿನ್ನನ್ನು ಕೇಳಿರಲಿಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನನ್ನ ತಂಗಿ ಹೇಳಿದ್ರೆ ಅದು ಹಾಗೇ. ಅವಳು ಗೊತ್ತಿಲ್ಲದ್ದನ್ನ ಹೇಳೋಳಲ್ಲ. ತೊರೆ ಉಳಿಯೋದಾದ್ರೆ ನಮ್ಮ ಜಾಗ ಹೋಗಲಿ. ನಾವು ಹೇಗೋ ನೋಡ್ಕೊಳ್ತೀವಿ" ಅಂದೆ. ನಿನ್ನ ಜನರೇ ಗೊಣಗಿದರು. ನೀನು ಕೈಯೆತ್ತಿ ಅವರನ್ನು ಸುಮ್ಮನಿರಿಸಿದೆ. ಅಕ್ಕಾ, ಆ ಸಭೆಯಲ್ಲಿ ನಾನು ಏನು ಹೇಳಿದೆ ಎಂಬುದಕ್ಕಿಂತ ನೀನು ಎದ್ದು ನಿಂತಾಗ ನಾನು ಕೂತೇ ಇದ್ದೆ ಎಂಬುದು ನನ್ನನ್ನು ಹೆಚ್ಚು ತಿನ್ನುತ್ತದೆ.

ಮುಂದಿನದು ಬೇಗ ಆಯಿತು. ಪಕ್ಕದ ಊರಿನ ಕೇಂದ್ರದವರು ಗೂಬೆಯನ್ನೂ ಆಮೆಯನ್ನೂ ತೆಗೆದುಕೊಂಡರು. ಓಡಾಡುವ ಒಪೊಸಮ್‌ಗಳನ್ನು ನೀನೇ ಕಾಡಂಚಿಗೆ ಒಯ್ದು ಬಿಟ್ಟು ಬಂದೆ. ಸೋಗಲಾಡಿಗೆ ಮಾತ್ರ ಎಲ್ಲೂ ಜಾಗವಿರಲಿಲ್ಲ. ಬೇಕಾದಷ್ಟಿರುವ ಪ್ರಾಣಿ, ಅದರಲ್ಲೂ ಕುಂಟಿ, ಅದರಲ್ಲೂ ಮುದುಕಿ, ನಮ್ಮ ಗೂಡುಗಳು ಅಳಿವಿನಂಚಿನ ಪಟ್ಟಿಯಲ್ಲಿರುವ ಜೀವಿಗಳಿಗೆ ಮೀಸಲು ಎಂದು ಕೇಂದ್ರದವರು ಫೋನಿನಲ್ಲಿ ಹೇಳಿದರು. ನಿನ್ನ ಪಶುವೈದ್ಯರು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಸದ್ಯಕ್ಕೆ ಇಟ್ಟುಕೋ ಎಂದರು.

ಪಂಪ್‌ಹೌಸ್ ಒಡೆಯುವ ದಿನ ನಾನು ಬಂದಿದ್ದೆ. ಬರದಿದ್ದರೆ ನೀನು ತಪ್ಪು ತಿಳಿಯುತ್ತೀಯ ಎಂದು ಬಂದಿದ್ದೆ, ನೋಡು ನನ್ನ ಲೆಕ್ಕಾಚಾರ. ನೀನು ಸೋಗಲಾಡಿಯನ್ನು ಹಣ್ಣಿನ ಪೆಟ್ಟಿಗೆಯಲ್ಲಿ ಹಳೆಯ ಟವೆಲು ಹಾಸಿ ಮಲಗಿಸಿಕೊಂಡು ಹೊರಗೆ ಬರುವಾಗಲೇ ಯಂತ್ರದವನು ಗೋಡೆಗೆ ಮೊದಲ ಏಟು ಹಾಕಿದ. ಪೆಟ್ಟಿಗೆಯೊಳಗೆ ಅವಳು ಒಮ್ಮೆ ಬಾಯಿ ತೆರೆದು, ಹಲ್ಲು ಕಿರಿದು, ಪಕ್ಕಕ್ಕೆ ಬಿದ್ದಳು. ನಾಲಗೆ ಹೊರಗೆ, ಕಣ್ಣು ಅರೆತೆರೆದಿತ್ತು, ಜೊಲ್ಲು. ನಿನಗೆ ಗಾಬರಿಯಾಗಲಿಲ್ಲ. ಎಷ್ಟು ಸಲ ನೋಡಿದ್ದೆ ನೀನು. ಅದಕ್ಕೇ ತಾನೇ ಆ ಹೆಸರು. ನೀನೇ ನನಗೆ ಹೇಳಿಕೊಟ್ಟಿದ್ದು, ಅದು ಸೋಗು ಅಲ್ಲವೇ ಅಲ್ಲ, ಭಯಕ್ಕೆ ಮೈ ತಾನಾಗಿ ನಿಂತುಹೋಗುತ್ತದೆ, ಪಾಪ ಅವಳ ಕೈಯಲ್ಲಿ ಏನೂ ಇರುವುದಿಲ್ಲ, ಹೆಸರು ಮಾತ್ರ ನಾವು ಇಟ್ಟದ್ದು, ಎಂದು.

ನಾವಿಬ್ಬರೂ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತೆವು. ಪೆಟ್ಟಿಗೆ ನಿನ್ನ ಮಡಿಲಲ್ಲಿತ್ತು. "ಸದ್ದು ನಿಂತಿದೆ ಅಂತ ಅವಳಿಗೆ ಗೊತ್ತಾಗಬೇಕು, ಸ್ವಲ್ಪ ಹೊತ್ತು ಬಿಡು" ಅಂದೆ ನೀನು. ನೀನೇ ಎದ್ದು ಕಿಟಕಿಗೆ ಬಟ್ಟೆ ಕಟ್ಟಿದೆ. ಬಾಳೆಹಣ್ಣು ಹಿಚುಕಿ ಮೂಗಿನ ಹತ್ತಿರ ಇಟ್ಟೆ. ವೈದ್ಯರು ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದರು. ಬಾಳೆಹಣ್ಣು ಕಪ್ಪಾಯಿತು. "ಈ ಸಲ ತುಂಬ ಹೆದರಿಬಿಟ್ಟಿದ್ದಾಳೆ" ಅಂದೆ ನೀನು. ನನಗೆ ಗೊತ್ತಾಗಿತ್ತು, ನಿನಗೂ ಗೊತ್ತಾಗಿತ್ತು ಅನಿಸುತ್ತದೆ. ಪ್ರಾಣಿ ಸತ್ತದ್ದು ನಿನ್ನ ಕೈಗೆ ಗೊತ್ತಾಗದೇ ಇರುತ್ತದೆಯೇ? ಆದರೂ ನೀನು ಕಾದೆ. ಕೊನೆಗೆ ಟವೆಲಿನ ಅಂಚನ್ನು ಅವಳ ಮುಖದ ಮೇಲೆ ಎಳೆದು, ನನ್ನ ಕಡೆ ತಿರುಗಿ, ನೀನು ನನಗೆ ಸಮಾಧಾನ ಹೇಳಿದೆ. "ವಯಸ್ಸಾಗಿತ್ತು ಕಣೇ. ನೀನು ಮನಸ್ಸಿಗೆ ಹಚ್ಕೋಬೇಡ. ಆ ಸೂಜಿಚಿಟ್ಟೆಗಳಾದ್ರೂ ಉಳಿದ್ವಲ್ಲ" ಅಂದೆ.

ಅಂದೇ ಹೇಳಬೇಕಿತ್ತು. ನಾನು ನಿನ್ನ ಕೈ ಹಿಡಿದುಕೊಂಡು ಅತ್ತೆ. ನೀನು ಅದನ್ನು ದುಃಖ ಅಂದುಕೊಂಡೆ.

ಈಗ ಅಲ್ಲಿ ಬೇಲಿ ಇದೆ. ಬೇಲಿಗೆ ನಾನೇ ಬರೆದುಕೊಟ್ಟ ಫಲಕ ಇದೆ. ಶಾಲೆಯ ಮಕ್ಕಳನ್ನು ಕರೆತರುತ್ತಾರೆ, ನಾನು ಅಪರೂಪದ ಕೀಟದ ಬಗ್ಗೆ ಭಾಷಣ ಮಾಡುತ್ತೇನೆ. ಹೋದ ವಾರ ಒಬ್ಬಳು ಪುಟ್ಟ ಹುಡುಗಿ ತನ್ನ ಮನೆಯ ಹಿಂದಿನ ತೊಟ್ಟಿಯಲ್ಲೂ ಇದೇ ಹುಳು ಇದೆ ಎಂದಳು. ಅವಳ ಶಿಕ್ಷಕಿ, "ಅದು ಬೇರೆ ಕಣಮ್ಮ, ಇದು ಮೇಡಂ ಹೇಳ್ತಾರಲ್ಲ, ತುಂಬ ವಿಶೇಷ" ಎಂದು ಅವಳನ್ನು ಸುಮ್ಮನಾಗಿಸಿದರು. ಮಗು ತಲೆ ತಗ್ಗಿಸಿತು. ಅವಳು ಹೇಳಿದ್ದೇ ಸರಿ, ಅಕ್ಕಾ. ನನ್ನ ಸುಳ್ಳು ಈಗ ಗುರುತು ಪರಿಚಯ ಇಲ್ಲದವರ ಬಾಯಿಯನ್ನೂ ಮುಚ್ಚಿಸುತ್ತಿದೆ.

ಪ್ರೊಫೆಸರರ ಪತ್ರ ಬಂದದ್ದು ಅದರ ಮರುದಿನ. ನಾನು ಹೇಳಲಾಗದ್ದನ್ನು ಅವರಾದರೂ ಹೇಳಲಿ ಎಂದೇ ಫೋಟೋ ಕಳಿಸಿದ್ದೆನೋ ಏನೋ. ಅವರಿಗೆ "ಮತ್ತೊಮ್ಮೆ ನೋಡುತ್ತೇನೆ" ಎಂದು ಬರೆದೆ. ನೋಡುವುದು ಏನೂ ಉಳಿದಿರಲಿಲ್ಲ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಪುರಸಭೆಗೆ ತಿದ್ದುಪಡಿ ಬರೆದಿದ್ದೇನೆ. ಅದು ಸಾಮಾನ್ಯ ಪ್ರಭೇದ, ಅದರ ಸ್ಥಿತಿಯೂ ಕನಿಷ್ಠ ಕಾಳಜಿಯೇ, ಈ ಸಂಗತಿ ಸಭೆಗೆ ಮೊದಲೇ ನನಗೆ ಗೊತ್ತಿತ್ತು ಎಂದು ಮೂರನ್ನೂ ಬರೆದಿದ್ದೇನೆ. ಕನಿಷ್ಠ ಕಾಳಜಿ ಎಂದರೆ ಕಾಳಜಿ ಬೇಡ ಎಂದಲ್ಲ, ಅಂದು ಅಧ್ಯಕ್ಷೆಯವರು ಕೇಳಿದಾಗ ನಾನು ತಪ್ಪು ಉತ್ತರ ಕೊಟ್ಟೆ ಎಂದೂ ಬರೆದಿದ್ದೇನೆ. ಇವತ್ತು ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಕೊಟ್ಟು ಬಂದೆ. ನಿರ್ದೇಶಕರಿಗೂ ಒಂದು ಪ್ರತಿ. ಡ್ರಾಯರುಗಳು ನೆಲಮಾಳಿಗೆಗೆ ಹೋಗುತ್ತವೆ. ಮಾಹಿತಿ ಮೇಜಿನಲ್ಲಾದರೂ ನನ್ನನ್ನು ಕೂರಿಸುತ್ತಾರೋ ಇಲ್ಲವೋ, ತಪ್ಪು ಮಾಹಿತಿ ಕೊಟ್ಟವಳನ್ನು.

ಇದರಿಂದ ನಿನಗೇನೂ ವಾಪಸ್ ಬರುವುದಿಲ್ಲ, ಅದು ಗೊತ್ತು. ಪಂಪ್‌ಹೌಸ್ ಇದ್ದ ಕಡೆ ಈಗ ಹುಲ್ಲಿದೆ. ಅಪರೂಪದ ಜೀವಿ ಇಲ್ಲವೆಂದಾದರೆ ಚಪ್ಪಡಿಯ ಮಾತು ಮತ್ತೆ ಏಳುತ್ತದೆ. ಕಟ್ಟಡ ಕಳೆದುಕೊಂಡವಳು ತೊರೆಯನ್ನೂ ಕಳೆದುಕೊಳ್ಳಬಹುದು. ಅಕ್ಕನಿಗೆ ಉಳಿದಿರುವ ಒಂದೇ ಸಮಾಧಾನವನ್ನೂ ಕಿತ್ತುಕೊಳ್ಳುವುದೇ ಎಂದು ಇಷ್ಟು ದಿನ ಸುಮ್ಮನಿದ್ದೆ. ಅದು ಎಂಥ ಒಳ್ಳೆಯ ನೆಪ ನೋಡು, ನಿನ್ನ ಮೇಲಿನ ಪ್ರೀತಿಯ ಬಟ್ಟೆ ಹಾಕಿಕೊಂಡು ಬರುತ್ತಿತ್ತು. ಭಾನುವಾರ ನಿನ್ನ ಅಡುಗೆಮನೆಯಲ್ಲಿ ಅದು ಕಳಚಿ ಬಿತ್ತು. ನೀನು ಸಮಾಧಾನದಿಂದ ಇಲ್ಲವೇ ಇಲ್ಲ. ಇಲ್ಲದ ಸಮಾಧಾನವನ್ನು ಕಾಯುವುದಕ್ಕೆ ನಾನು ಸುಳ್ಳನ್ನು ಕಾವಲು ಕೂರಿಸಿದ್ದೆ.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಆಗಲೇ ಕ್ಷಮಿಸಿದ್ದೀಯ, ಅದೇ ತೊಂದರೆ. ನಿಜ ಹೇಳಿದ್ದಕ್ಕೆ ಎಂದುಕೊಂಡು ಕೊಟ್ಟ ಕ್ಷಮೆ ಅದು, ನನ್ನದಲ್ಲದ್ದು. ಅದನ್ನು ವಾಪಸ್ ತೆಗೆದುಕೋ. ಕೋಪ ಬಂದರೆ ಮಾಡಿಕೋ. ಬಂದು ಬೈದರೆ ಬೈಸಿಕೊಳ್ಳುತ್ತೇನೆ, ಬರದೇ ಇದ್ದರೆ ಅದನ್ನೂ ಅನುಭವಿಸುತ್ತೇನೆ. ಭಾವನಿಗೆ ಹೇಳು, ನೀನು ಅತ್ತರೆ ಅವರು ಹೆದರಬೇಕಾಗಿಲ್ಲ.

ಮಧ್ಯಾಹ್ನ ಹಾಲು ಬಿಸಿ ಮಾಡಲು ಎದ್ದಾಗ, ಒಲೆಯ ಮುಂದೆ ನಿಂತಾಗ, ಇದು ವಿಧಿ ಅಂದುಕೊಳ್ಳಬೇಡ, ವಿಜ್ಞಾನ ಅಂತಲೂ ಅಂದುಕೊಳ್ಳಬೇಡ. ನಿನ್ನ ತಂಗಿ ಮಾಡಿದ್ದು.

ಇಂತು ನಿನ್ನ,
ಕಡ್ಡಿ

ಮರೆತಿದ್ದು: ಸಹಿ ಹಾಕಿದ ಮೇಲೆ ಒಮ್ಮೆ ಓದಿದೆ. "ಇವತ್ತು ಬೆಳಿಗ್ಗೆ ಕೊಟ್ಟು ಬಂದೆ" ಎಂದು ಬರೆದಿದ್ದೇನಲ್ಲ, ಬರೆಯುವಾಗ ಅದು ನಿಜವಾಗಿರಲಿಲ್ಲ. ತಿದ್ದುಪಡಿಯ ಎರಡೂ ಪ್ರತಿಗಳು ಡ್ರಾಯರಿನಲ್ಲೇ ಇದ್ದವು. ಮೊದಲು ನಿನಗೆ ತಿಳಿಸಿ, ನೀನು ಬೇಡವೆಂದರೆ ಕೊಡದೇ ಇರಬಹುದು ಎಂಬ ಆಸೆ ಎಲ್ಲೋ ಇತ್ತು. ಆ ಭಾರವನ್ನೂ ನಿನ್ನ ತಲೆಗೇ ಕಟ್ಟುವ ಆಸೆ. ಪತ್ರ ಮಡಚಲು ಕೈ ಬರಲಿಲ್ಲ. ಎದ್ದು ಹೋದೆ. ಒಂದನ್ನು ನಿರ್ದೇಶಕರ ಮೇಜಿನ ಮೇಲೆ ಇಟ್ಟು, ಪುರಸಭೆಗೆ ನಡೆದುಕೊಂಡೇ ಹೋಗಿ ಇನ್ನೊಂದನ್ನು ಕೊಟ್ಟು, ಈಗ ಬಂದು ಕೂತಿದ್ದೇನೆ. ಗುಮಾಸ್ತ ನಿಂತಲ್ಲೇ ಪೂರ್ತಿ ಓದಿದ. ಮುದ್ರೆ ಒತ್ತುವ ಮೊದಲು, "ಇದರಿಂದ ಯಾರಿಗಾದ್ರೂ ನಷ್ಟ ಆಗಿದೆಯಾ ಮೇಡಂ? ಬರೆದುಕೊಳ್ಳಬೇಕು" ಅಂದ. ನನ್ನ ಅಕ್ಕನಿಗೆ ಅಂದೆ. ಅವನು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. "ಅವರಿಗೆ ಗೊತ್ತಾ?" ಅಂದ. ನಾಳೆ ಅಂಚೆಯವನು ಬಂದಾಗ ಗೊತ್ತಾಗುತ್ತದೆ ಅಂದೆ.